ಅತ್ತೆಗೆ ಕೇಳಿ ಹೇಳ್ತೇನಿ

ವಿಜಯಪುರದ ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದ ವಿದ್ಯಾವತಿಯ ಪಕ್ಕದಲ್ಲಿ ಒಬ್ಬ ಹಿರಿಯಾಕೆ ಹೊಸ ಕಟ್ಟಿಗೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಎದುರಿಗೆ ಸೊಸೆ ನಿಂತಿದ್ದಳು.

“ಒಂಚೂರೂ ಅಳ್ಳಾಡಂಗಿಲ್ಲ ನೋಡ ಮಹಾನಂದಾ. ಖರೇನ ನೀನ ಮಾಡೀಯೇನ?”

“ಹೂಂರಿ ಅತ್ತಿ. ಕೊಯ್ದಾಕೀನೂ ನಾನ, ರಂದಾ ಹೊಡದು ನುಣ್ಣಗ ಮಾಡಿದಾಕೀನೂ ನಾನ.”

“ಹೆಂಗಸರಿಗ್ಯಾಕ ಬಡಿಗತನ ಅಂತ ಬೈದಿದ್ದೆ ನಿನಗ.”

“ಬೈದ್ರಿ. ದಿನಾ ಮುಂಜಾನೆ ಬುತ್ತಿ ಕಟ್ಟಿ ಕ್ಲಾಸಿಗೆ ಕಳಿಸಿದಾಕೀನೂ ನೀವರಿ.”

ಸೊಸೆ ಸೆರಗಿನ ಚುಂಗು ತಿರುವತೊಡಗಿದಳು.

“ಇನ್ನೂ ಏನೋ ಐತಿ ಹೊಟ್ಟ್ಯಾಗ. ಹೇಳು.”

“ನನಗ ಬಡಿಗತನ ಕಲಿಸಿದ ಚಮನಸಾಬ ಮಾಸ್ತರು ನಮ್ಮ ತಿಕೋಟಾದಾಗ ಹೆಂಗಸರಿಗಂತನ ಕ್ಲಾಸ ತಗ್ಯಾಕತ್ತಾರ್ರಿ. ಕಲಿಸಾಕ ನೀನ ಬಾ ಅಂದ್ರು.”

“ನೀ ಏನಂದಿ?”

“ಅತ್ತೀಗೆ ಕೇಳಿ ಹೇಳ್ತೇನ್ರಿ ಅಂದೆ.”

ಮುದುಕಿ ಸೊಸೆಯ ಮುಖವನ್ನೇ ದಿಟ್ಟಿಸಿದಳು. ವಿದ್ಯಾವತಿಯೂ ಅತ್ತ ತಿರುಗಿದಳು.

“ಫೋನ್ ಹಚ್ಚು. ಬರ್ತಾಳ ಅಂತ ನಾನ ಹೇಳ್ತೇನಿ.”

ಸೊಸೆ ಕಣ್ಣೊರೆಸಿಕೊಂಡು ನಕ್ಕಳು.

“ಮತ್ತ ಇನ್ನೊಂದು ಕೇಳ್ತೇನಿ ಅವರ್ನ. ಕೂದಲ ಬೆಳ್ಳಗಾದವರನ್ನೂ ಸೇರಿಸ್ಕೋತೀರೇನು ಅಂತ.”

“ಯಾರನ್ರಿ ಅತ್ತಿ?”

“ಯಾರನ್ನ ಅಂತ ಕೇಳ್ತಾಳ! ಮಂಚದ ಕಾಲು ಅಳ್ಳಾಡಿದ್ರ ನಿಮ್ಮ ಮಾವ ಬುಡಕ ಇಟ್ಟಂಗಿ ಚೂರು ಇಟ್ಟು ಕೈ ತೊಳ್ಕೋತಾರ. ನಾನ ಕಲ್ತು ಕೂಡಸ್ತೇನಿ.”

ಅಷ್ಟರಲ್ಲಿ ತಿಕೋಟಾ ಬಸ್ಸು ಬಂತು, ಜನ ಮುಗಿಬಿದ್ದರು. ಮುದುಕಿ ಸ್ಟೂಲನ್ನು ಕಂಕುಳಲ್ಲಿ ಅವುಚಿಕೊಂಡು, ಸೊಸೆಯ ಕೈ ಹಿಡಿದು ಗದ್ದಲದೊಳಗೆ ನುಗ್ಗಿದಳು.

“ಸರೀರಿ, ದಾರಿ ಬಿಡ್ರಿ! ನಮ್ಮ ಬಡಿಗತನ ಕಲಿಸೋ ಅಕ್ಕೋರು ಹತ್ತಾಕತ್ತಾರ!”