ಕಡಲಾಚೆಗೆ ಹೊರಟ ಗಂಟೆ

ತಾಯಂದಿರೇ, ಹಿರಿಯರೇ, ಮೂರು ಸಲ ಸೋತು ನಾಲ್ಕನೆಯ ಸಲ ಗೆದ್ದವನೊಬ್ಬನಿಂದ ಇವತ್ತಿನ ಮಾತನ್ನು ಆರಂಭಿಸೋಣ. ಕಂಚಿನ ಕೆಲಸದವರ ಓಣಿಯಿದ್ದ ಒಂದು ಊರು. ಆ ಓಣಿಯಲ್ಲಿ ಒಬ್ಬ ಯಜಮಾನ. ಹೆಸರು ಮಾನಪ್ಪ ಎಂದಿಟ್ಟುಕೊಳ್ಳಿ. ಕಥೆ ಮುಗಿಯುವ ಹೊತ್ತಿಗೆ ಬೇರೆ ಹೆಸರು ಹೊಂದುತ್ತದೆ ಎನಿಸಿದರೆ ನಿಮ್ಮ ನಿಮ್ಮ ಹೆಸರನ್ನೇ ಇಟ್ಟುಕೊಳ್ಳಬಹುದು, ಅಡ್ಡಿಯಿಲ್ಲ.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಾನಪ್ಪ ಆಳೆತ್ತರದ ಗಂಟೆಯೊಂದನ್ನು ಎರೆದು ಕೊಡುವುದಾಗಿ ಒಪ್ಪಿಕೊಂಡ. ಮೊದಲ ಸಲ ಮಣ್ಣಿನ ಅಚ್ಚು ಬಿರಿಯಿತು. ಎರಡನೆಯ ಸಲ ಕರಗಿದ ಕಂಚು ಅಚ್ಚಿನ ತುದಿ ಮುಟ್ಟುವ ಮೊದಲೇ ಗಟ್ಟಿಯಾಯಿತು. ಮೂರನೆಯ ಸಲ ಗಂಟೆಯೇನೋ ಬಂತು. ಬಾರಿಸಿದರೆ ಒಡೆದ ಮಡಕೆಯ ದನಿ. ಊರವರು ನಕ್ಕರು. ಮಾನಪ್ಪ ಮಾವ ಕೊಟ್ಟ ಎತ್ತನ್ನು ಮಾರಿ ಮತ್ತೆ ತಾಮ್ರ, ತವರ ತಂದ. ನಲವತ್ತು ದಿನ ಅಚ್ಚನ್ನು ನೆರಳಿನಲ್ಲಿ ಒಣಗಿಸಿ, ಹಸುಗೂಸನ್ನು ನೋಡಿಕೊಳ್ಳುವಂತೆ ಅದರ ಪಕ್ಕದಲ್ಲೇ ಕಾದು ಕುಳಿತ. ನಾಲ್ಕನೆಯ ಸಲ ಬಾರಿಸಿದಾಗ, ನೋಡಿ, ಮೂರು ಹರದಾರಿ ಆಚೆ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದರಂತೆ!

ಅಂದಿನಿಂದ ಅವನ ದೆಸೆ ತಿರುಗಿತು. ಎಲ್ಲೆಲ್ಲಿಂದಲೋ ಜನ ಬಂದರು. ಓಣಿಯ ಇಪ್ಪತ್ತು ಮನೆಗಳಿಗೂ ಕೆಲಸ ಸಿಕ್ಕಿತು; ಮಾನಪ್ಪನ ಮನೆಗೆ ಮಹಡಿ ಬಂತು, ಮಹಡಿಗೆ ಬಣ್ಣದ ಗಾಜಿನ ಕಿಟಕಿ ಬಂತು. ಐವತ್ತು ದಾಟುವ ಹೊತ್ತಿಗೆ ಅವನು ಶ್ರೀಮಂತ. ಶ್ರೀಮಂತನಾದವನಿಗೆ ಏನು ಬರುತ್ತದೆ? ಹೊಟ್ಟೆ ಬರುತ್ತದೆ, ಬರಲಿ. ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಅದು ಭಯ.

ಆ ವರ್ಷ ಬೆಲೆಗಳು ಏರತೊಡಗಿದ್ದವು. ಪಕ್ಕದ ಪಟ್ಟಣದಲ್ಲಿ ಒಂದು ಬ್ಯಾಂಕು ಬಾಗಿಲು ಹಾಕಿತ್ತು. ಮಾನಪ್ಪ ಬೆಳಗಿನ ಪತ್ರಿಕೆ ಓದಿ ಮಧ್ಯಾಹ್ನದ ಊಟ ಬಿಡುವ ಸ್ಥಿತಿಗೆ ಬಂದ. ಅಷ್ಟರಲ್ಲಿ ಕಡಲಾಚೆಯ ದೇಶದಲ್ಲಿದ್ದ ಹೆಂಡತಿಯ ತಮ್ಮನಿಂದ ಕಾಗದ ಬಂತು: ‘ಮಾವಾರ, ಇನ್ನೊಂದು ವರ್ಷದಾಗ ನಿಮ್ಮಲ್ಲಿ ನೋಟು ರದ್ದಿ ಕಾಗದ ಆಗ್ತೈತಿ. ಇದ್ದದ್ದೆಲ್ಲಾ ಬಂಗಾರ ಮಾಡ್ಕೊಂಡು ಈ ಕಡೆ ಬಂದುಬಿಡ್ರಿ.’

ಆ ಕಾಗದವನ್ನು ಮಾನಪ್ಪ ಎಷ್ಟು ಸಲ ಓದಿದನೆಂದರೆ ಅದರ ಮಡಿಕೆಗಳೇ ಹರಿದುಹೋದವು. ಮನೆ, ಮನೆಯ ಪಾತ್ರೆ ಪದಾರ್ಥ ಬಿಟ್ಟು ಉಳಿದದ್ದನ್ನೆಲ್ಲ ಸದ್ದಿಲ್ಲದೆ ಚಿನ್ನವಾಗಿಸಿದ. ಈಗ ಆ ಚಿನ್ನವನ್ನು ದಾಟಿಸುವುದು ಹೇಗೆ? ಅವನಿಗೊಂದು ಉಪಾಯ ಹೊಳೆಯಿತು. ಮೈದುನನ ಊರಿನಲ್ಲಿ ನಮ್ಮ ಕಡೆಯವರು ಕಟ್ಟಿಸಿದ ಗುಡಿಯೊಂದಿತ್ತು. ಅದಕ್ಕೆ ಒಂದು ಗಂಟೆ ಕಾಣಿಕೆ ಕೊಡುವುದಾಗಿ ಊರಿಗೆಲ್ಲ ಸಾರಿದ. ಗಂಟೆಯನ್ನು ಎರೆದ. ಎರೆದಾದ ಮೇಲೆ ಬಾಗಿಲು ಹಾಕಿಕೊಂಡು, ಚಿನ್ನವನ್ನು ತೆಳು ಪಟ್ಟಿಗಳಾಗಿ ತಟ್ಟಿ, ಗಂಟೆಯ ಒಳಮೈಗೆ ಅರಗಿನಿಂದ ಅಂಟಿಸಿ, ಮೇಲೆ ಕಂಚಿನ ತಗಡು ಹೊದಿಸಿದ. ಹೊರಗೆ ದೇವರ ಗಂಟೆ, ಒಳಗೆ ಮಾನಪ್ಪನ ಗಂಟು.

ಹೆಂಡತಿ ಶಂಕ್ರವ್ವನಿಗೆ ಎಲ್ಲವೂ ಗೊತ್ತಿತ್ತು. ಅವಳು ಕೇಳಿದ್ದು ಒಂದೇ ಮಾತು.

“ಓಣ್ಯಾಗಿನವ್ರಿಗೆ ಹೇಳಿ ಹೋಗೂಣಲ್ರೀ?”

“ಹುಚ್ಚಿ, ಹೇಳಿದ್ರ ಎಲ್ಲಾರೂ ಗಾಬರಿ ಆಗ್ತಾರ.”

“ಅವ್ರಿಗೆ ಗಾಬರಿ ಆಗಬಾರದು ಅಂತೀರೋ, ನಾವು ಓಡಿಹೋಗೋದು ಗೊತ್ತಾಗಬಾರದು ಅಂತೀರೋ?”

ಮಾನಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ. ನೋಡಿ, ಗಂಡಸರಿಗೆ ಪತ್ರಿಕೆಯಿಂದಾಗುವ ಉಪಯೋಗಗಳಲ್ಲಿ ಇದೂ ಒಂದು.

ಈಗ ಆ ಓಣಿಯ ಕಟ್ಟಳೆಯನ್ನು ನೀವು ತಿಳಿದುಕೊಳ್ಳಬೇಕು. ಗಂಟೆ ಯಾರೇ ಎರೆದದ್ದಿರಲಿ, ಎಲ್ಲಿಗೇ ಹೋಗುವುದಿರಲಿ, ಓಣಿ ಬಿಡುವ ಮುನ್ನ ಅಲ್ಲಿನ ಅತ್ಯಂತ ಹಿರಿಯ ಹೆಂಗಸು ಅದನ್ನು ಬಾರಿಸಬೇಕು. ಉಳಿದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕೇಳಬೇಕು. ನಾದದಲ್ಲಿ ದೋಷವಿದ್ದರೆ ಅದು ಎರೆದವನೊಬ್ಬನ ದೋಷವಲ್ಲ, ಓಣಿಯ ದೋಷ. ಇಪ್ಪತ್ತು ಮನೆಯವರೂ ಕೂಡಿ, ಕೂಲಿ ಕೇಳದೆ, ಅದನ್ನು ಒಡೆದು ಮತ್ತೆ ಎರೆಯಬೇಕು. ಆಗ ಹಿರಿಯಳಾಗಿದ್ದವಳು ಎಂಬತ್ತನಾಲ್ಕರ ಕಾಳಮ್ಮ. ಕಣ್ಣು ಮಂಜಾಗಿತ್ತು, ಹಲ್ಲು ಎಂದೋ ಹೋಗಿದ್ದವು, ಕಿವಿ ಮಾತ್ರ ಹದಿನಾರರ ಹುಡುಗಿಯದು.

ಮಾನಪ್ಪ ಲಾರಿಯನ್ನು ಸರಿಯಾಗಿ ಮಟಮಟ ಮಧ್ಯಾಹ್ನಕ್ಕೆ ಕರೆಸಿದ. ಏಕೆ? ಊಟವಾದ ಮೇಲೆ ಕಾಳಮ್ಮ ಒಂದು ಗಳಿಗೆ ಮಲಗುತ್ತಾಳೆ. ಆದರೆ ಹದಿನಾರರ ಕಿವಿ ಲಾರಿ ಹಿಂದಕ್ಕೆ ಬರುವ ಸದ್ದಿಗೆ ಏಳದೆ ಇರುತ್ತದೆಯೇ? ಬಟ್ಟೆ ಸುತ್ತಿದ ಮರದ ಕೊಡತಿಯನ್ನು ಹಿಡಿದು ಅವಳು ಬಂದೇಬಿಟ್ಟಳು.

“ಯಾಕಪ್ಪಾ ಮಾನಪ್ಪ, ನಾ ಇನ್ನಾ ಸತ್ತಿಲ್ಲಲ್ಲ?”

“ಛೆ ಛೆ, ಎಂಥಾ ಮಾತು ಯವ್ವಾ! ಹಡಗಿಗೆ ಹೊತ್ತಾಗ್ತೈತಿ, ಅದಕ್ಕ…”

“ಒಂದ ಏಟಿಗೆ ಹಡಗು ಮುಳಗಂಗಿಲ್ಲ ತಗೋ.”

ಬಾಗಿಲು ಬಾಗಿಲಲ್ಲೂ ಜನ ನಿಂತರು. ಕಾಳಮ್ಮ ಕೈ ಹಿಂದಕ್ಕೆಳೆದು ಬಾರಿಸಿದಳು.

ಠಪ್.

ನಾದವಿಲ್ಲ, ಅನುರಣನವಿಲ್ಲ. ಒದ್ದೆ ಕಂಬಳಿಗೆ ಹೊಡೆದಂತೆ, ಠಪ್!

ನೋಡಿ, ಜಗತ್ತಿನಲ್ಲಿ ಯಾರು ಬೇಕಾದರೂ ಈ ತಪ್ಪು ಮಾಡಬಹುದು, ಗಂಟೆ ಎರೆಯುವವನು ಮಾಡಬಹುದೇ? ಭಾರ ನೋಡಿದ್ದ, ಅಂಟು ನೋಡಿದ್ದ, ಹೊಳಪು ನೋಡಿದ್ದ. ಗಂಟೆ ಇರುವುದು ಉಲಿಯುವುದಕ್ಕೆ ಎಂಬುದನ್ನೇ ಮರೆತಿದ್ದ! ಭಯ ಮನುಷ್ಯನಿಂದ ಮೊಟ್ಟಮೊದಲು ಕಸಿದುಕೊಳ್ಳುವುದು ಏನನ್ನು? ಅವನು ಯಾವುದರಲ್ಲಿ ಎಲ್ಲರಿಗಿಂತ ಜಾಣನೋ ಅದನ್ನೇ.

“ಗಂಟಿಗೆ ನೆಗಡಿ ಆಗೇತಿ!” ಎಂದನೊಬ್ಬ.

“ಕಷಾಯ ಕುಡಸ್ರೀ,” ಎಂದಳು ಎದುರು ಮನೆಯವಳು.

ಆದರೆ ನಗು ಬೇಗನೆ ಅಡಗಿತು. ಮಾನಪ್ಪನ ಕೈಯ ಗಂಟೆ ಮೂಕವಾಯಿತೆಂದರೆ ಓಣಿಯ ಮಾನದ ಪ್ರಶ್ನೆ. ಒಬ್ಬ ಇದ್ದಿಲು ಹೊತ್ತು ತಂದ, ಒಬ್ಬ ಗಾಳಿ ಊದುವ ತಿದಿ ತಂದ. ಮನೆಮನೆಯಿಂದ ಹೆಂಗಸರು ಸೀಳಿದ ತಟ್ಟೆ, ತಳ ಹೋದ ಚೊಂಬು, ಹಿಡಿ ಮುರಿದ ಸೌಟುಗಳನ್ನು ಎರಕಕ್ಕೆಂದು ತಂದು ರಾಶಿ ಹಾಕಿದರು. ಮಾನಪ್ಪ ಅಡ್ಡ ಬಂದ.

“ಬ್ಯಾಡ್ರಪ್ಪಾ, ನಿಮಗ್ಯಾಕ ತ್ರಾಸು! ಆ ದೇಶದಾಗ ಗಂಟಿ ಹಿಂಗ ಮೆತ್ತಗ ಇರಬೇಕಂತ.”

ಕಾಳಮ್ಮ ಬಾಯಿಯ ಮೇಲೆ ಸೆರಗು ಹಿಡಿದಳು. “ಬಾರಿಸಿದ್ರ ಕೇಳಬಾರದು ಅನ್ನೋ ದೇವ್ರು ಅಲ್ಲಿ ಯಾವನಪ್ಪಾ? ನಮಗೂ ಹೆಸರು ಹೇಳು, ಹಣ್ಣು ಕಾಯಿ ಮಾಡಸ್ತೀವಿ.”

“ನಾನ ಅಲ್ಲಿ ಹೋಗಿ ಸರಿ ಮಾಡ್ತೀನಿ ಯವ್ವಾ.”

“ನೀ ಒಬ್ಬನ ಹ್ಯಾಂಗ ಮಾಡ್ತೀ? ತಿದಿ ಒತ್ತಾಕ ನಿನ್ನ ಮೈದುನ ಬರ್ತಾನೇನು, ಕೋಟು ಹಾಕ್ಕೊಂಡು?”

ಇಡೀ ಓಣಿ ಗೊಳ್ಳೆಂದಿತು. ಶಂಕ್ರವ್ವನೂ ನಕ್ಕಳು, ತಿಂಗಳುಗಳ ಮೇಲೆ ಅವಳು ನಕ್ಕಿದ್ದು ಅಂದೇ. ಆ ನಗು ಕೇಳಿ ಮಾನಪ್ಪನಿಗೂ ಜೊತೆಗೆ ನಗಬೇಕೆನಿಸಿತು. ಆದರೂ ಚಿನ್ನ ಗಂಟೆಯೊಳಗಿದೆ. ಅವನ ಮೂವತ್ತು ವರ್ಷದ ದುಡಿಮೆ, ಹೆಂಡತಿಯ ಮೈಮೇಲಿನದು, ಮುಂದಿನ ದಿನಗಳ ಭರವಸೆ ಎಲ್ಲವೂ ಅದರೊಳಗಿದೆ. ಒಡೆದರೆ ಗುಟ್ಟು ಬಯಲು. ತಡೆದರೆ ಅನುಮಾನ. ಅವನು ಗಂಟೆಯನ್ನು ಅಪ್ಪಿಕೊಂಡು ನಿಂತ, ಹರಕೆ ಹೊತ್ತವನಂತೆ.

“ಎಷ್ಟು ಪ್ರೀತಿ ನೋಡ್ರಿ!” ಎಂದು ಅವನನ್ನು ಮೆಲ್ಲಗೆ ಬಿಡಿಸಿ ಕೂರಿಸಿದರು. ಒಡೆಯುವ ಮುನ್ನ ಗಂಟೆಯನ್ನು ಕಾಯಿಸುವುದು ಪದ್ಧತಿ. ಕುಲುಮೆಯ ಮೇಲೆ ತೂಗು ಹಾಕಿದರು. ಇನ್ನು ನೀವೇ ಹೇಳಿ, ಅರಗು ಬಿಸಿಗೆ ಏನಾಗುತ್ತದೆ?

ಮೊದಲು ತಗಡು ಜಾರಿ ಬಿತ್ತು. ಅದರ ಹಿಂದೆ ಒಂದು ಪಟ್ಟಿ. ಇನ್ನೊಂದು. ಇನ್ನೊಂದು. ಹಳದಿ ಪಟ್ಟಿಗಳು ಬೂದಿಯ ಮೇಲೆ ಉದುರಿ ಬಿದ್ದವು.

ಇಪ್ಪತ್ತು ಮನೆಯ ಜನ ಬಗ್ಗಿ ನೋಡಿದರು. ಮಾನಪ್ಪ ಕಣ್ಣು ಮುಚ್ಚಿಕೊಂಡ. ಈಗ ಮುಗಿಬೀಳುತ್ತಾರೆ ಎಂದುಕೊಂಡ. ಬೀಳದಿದ್ದರೆ ಬೈಯುತ್ತಾರೆ ಎಂದುಕೊಂಡ. ಆದರೆ ಅವನ ಕಿವಿಗೆ ಬಿದ್ದದ್ದೇ ಬೇರೆ.

ಕಾಳಮ್ಮ ಗಂಟೆಯನ್ನು ಬಾರಿಸಿದ್ದಳು. ಅದು ಉಲಿಯಿತು! ಉದ್ದಕ್ಕೆ, ತುಂಬುಗೊರಳಿನಿಂದ, ಓಣಿಯ ಕೊನೆಯ ಗೋಡೆಗೆ ತಾಗಿ ಮರಳಿ ಬರುವಂತೆ ಉಲಿಯಿತು. “ಗಂಟಿ ಚೊಲೋ ಐತ್ರಿ! ಎರಕದಾಗ ಏನೂ ತಪ್ಪಿಲ್ಲ!” ಎಂದು ಜನ ಕುಣಿದಾಡಿಬಿಟ್ಟರು. ಅರ್ಥವಾಯಿತೇ? ಬೂದಿಯಲ್ಲಿ ಚಿನ್ನ ಬಿದ್ದಿದೆ; ಅವರು ಕುಣಿಯುತ್ತಿರುವುದು ಗಂಟೆಯ ದನಿ ಕೇಳಿ. ಎದುರು ಮನೆಯವಳು ಪಟ್ಟಿಗಳನ್ನು ಚಿಮಟದಿಂದ ಹೆಕ್ಕಿ, ತಣ್ಣಗಾಗಿಸಿ, ಶಂಕ್ರವ್ವನ ಉಡಿಗೆ ಹಾಕಿದಳು. “ಒಳಗ ಇಟ್ಟು ಬಾರ ಅಕ್ಕ, ಕೂಸುಗೋಳು ತುಳದಾವು,” ಎಂದಳು. ಅಷ್ಟೇ.

ಮಾನಪ್ಪನಿಗೆ ಅಳು ಬಂತು. ಕಾಗದದ ಸುದ್ದಿ, ಹಡಗಿನ ಸುದ್ದಿ ಎಲ್ಲವನ್ನೂ ಹೇಳಿಬಿಟ್ಟ. “ದೇಶ ಮುಳಗ್ತೈತಂತ ಯವ್ವಾ. ಅದಕ್ಕ ಹೊಂಟಿದ್ದೆ.”

ಕಾಳಮ್ಮ ಈಗ ನಗಲಿಲ್ಲ. “ಮುಳಗ್ತೈತಿ ಅಂತ ನಿನಗ ಯಾವಾಗ ಗೊತ್ತಾತು?”

“ಆರು ತಿಂಗಳಾತು.”

“ಆರು ತಿಂಗಳಾ? ದಿನಾ ನನ್ನ ಕಟ್ಟಿ ಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೊಂತಿದ್ದೆಲ್ಲೋ! ಒಂದು ಮಾತು ಹೇಳಬಾರದೇನು? ನೀ ಹೋಗೋದು ನಿನ್ನ ಖುಷಿ. ನೀರು ಬರಾಕತ್ತೈತಿ ಅಂತ ಒದರಿ ಹೋಗಾಕ ನಿನ್ನ ಬಾಯಿಗೆ ಏನಾಗಿತ್ತು?”

ಹಿರಿಯರೇ, ಇಡೀ ಕಥೆಯಲ್ಲಿ ನಾನು ನಿಮಗೆ ಕೊಡಬೇಕೆಂದಿದ್ದ ಮಾತು ಇದು. ಹೋಗಬೇಡ ಎಂದು ಅವಳು ಹೇಳಲಿಲ್ಲ. ಹೇಳದೆ ಹೊರಟೆಯಲ್ಲ ಎಂದಳು.

ಲಾರಿ ಇನ್ನೂ ನಿಂತಿತ್ತು. ಮಾನಪ್ಪ ಕಣ್ಣೊರೆಸಿಕೊಂಡು ಎದ್ದ. ಗುಡಿಗೆ ಕೊಟ್ಟ ಮಾತು ಮಾತೇ. ಗಂಟೆಯನ್ನು ಲಾರಿಗೆ ಏರಿಸಿದ. ತಾನು ಏರಲಿಲ್ಲ. ಶಂಕ್ರವ್ವ ಕಟ್ಟಿಟ್ಟಿದ್ದ ಗಂಟುಗಳನ್ನು ಬಿಚ್ಚಿ, ಪ್ರಯಾಣಕ್ಕೆಂದು ಮಾಡಿದ್ದ ಶೇಂಗಾ ಹೋಳಿಗೆಯನ್ನು ಓಣಿಗೆಲ್ಲ ಹಂಚಿದಳು. ಗಂಟೆ ಕಡಲು ದಾಟಿತು, ಎರೆದವನು ಉಳಿದ.

ಆಮೇಲೆ? ಮುಳುಗುತ್ತದೆ ಎಂದದ್ದು ಸುಳ್ಳಾಯಿತು ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಕಷ್ಟ ಬಂತು. ಎರಡು ವರ್ಷ ಇತ್ತು. ಗಂಟೆ ಕೊಳ್ಳುವವರು ಇಲ್ಲವಾದರು. ಆದರೆ ಆ ಓಣಿಗೆ ಕಷ್ಟ ಬರುವುದಕ್ಕೆ ಆರು ತಿಂಗಳ ಮೊದಲೇ ಸುದ್ದಿ ಗೊತ್ತಿತ್ತಲ್ಲ! ಮಾನಪ್ಪ ಚಿನ್ನದ ಅರ್ಧಭಾಗ ಕೊಟ್ಟು ತಾಮ್ರ ತವರ ತರಿಸಿದ್ದ, ತನ್ನ ಮಹಡಿಯ ತುಂಬ ಜೋಳ ತುಂಬಿಸಿದ್ದ. ಗಂಟೆ ಬೇಡದ ಕಾಲದಲ್ಲಿಯೂ ಜನ ಉಣ್ಣಬೇಕು. ಓಣಿಯವರು ಅಡುಗೆಯ ಪಾತ್ರೆ ಮಾಡಿದರು, ಹಳ್ಳಿಗಳಿಗೆ ಒಯ್ದು ಕಾಳುಕಡಿಗೆ ಕೊಟ್ಟು ಬಂದರು. ಇಪ್ಪತ್ತು ಮನೆಗೂ ಒಂದೇ ಒಲೆ ಹೂಡಿದರು. ಬಡಿಸುವ ಸರದಿ ಮಾನಪ್ಪನದಾದ ದಿನ ಕಾಳಮ್ಮ ತಟ್ಟೆ ಬಡಿದು ಕೇಳುತ್ತಿದ್ದಳಂತೆ: “ಇದರಾಗ ಏನೂ ಮುಚ್ಚಿಟ್ಟಿಲ್ಲಲ್ಲ ಮತ್ತ?” ಆ ಎರಡು ವರ್ಷದಲ್ಲಿ ಓಣಿಯಲ್ಲಿ ಮೂರು ಮದುವೆಗಳಾದವು. ಯಾರೂ ಶ್ರೀಮಂತರಾಗಲಿಲ್ಲ. ಯಾರೂ ಉಪವಾಸ ಮಲಗಲಿಲ್ಲ.

ಕಡಲಾಚೆಯ ಮೈದುನ ಹಾಳಾದ ಎಂದು ಹೇಳಿದರೆ ನಿಮಗೆ ಸಂತೋಷವಾಗುತ್ತದೆ, ನನಗೆ ಗೊತ್ತು. ಇಲ್ಲ, ಅವನು ಅಲ್ಲಿ ಚೆನ್ನಾಗಿಯೇ ಇದ್ದ. ದೇವರು ಕಡಲಿನ ಆ ದಡದಲ್ಲೂ ಇದ್ದಾನೆ. ವಿದ್ಯೆಗಾಗಿ ಹೋಗುವವರು ಹೋಗಿ, ಕೆಲಸಕ್ಕಾಗಿ ಹೋಗುವವರು ಹೋಗಿ. ಹೊಸ್ತಿಲಿಗೆ ಕುಂಕುಮ ಇಟ್ಟು ಕಳಿಸೋಣ. ಆದರೆ ನಿಮ್ಮಲ್ಲಿ ಎಷ್ಟು ಜನ ಕೈಯಲ್ಲಿ ಫೋನು ಹಿಡಿದು, ರೂಪಾಯಿ ಬೀಳುತ್ತದೆಯಂತೆ, ಬ್ಯಾಂಕು ಮುಚ್ಚುತ್ತದೆಯಂತೆ ಎಂದು ಓದಿ ಓದಿ, ಒಬ್ಬೊಬ್ಬರೇ ಗಂಟು ಕಟ್ಟುತ್ತಿದ್ದೀರಿ? ಪಕ್ಕದ ಮನೆಯವರಿಗೆ ಹೇಳಿದ್ದೀರಾ? ಬೇಡ, ಹೆಂಡತಿಗೆ ಹೇಳಿದ್ದೀರಾ?

ಇವತ್ತು ಮನೆಗೆ ಹೋಗಿ ಮೊದಲು ಮಾಡಬೇಕಾದದ್ದು ಅದು. ನಿಮ್ಮನ್ನು ಹೆದರಿಸುತ್ತಿರುವ ಸುದ್ದಿಯನ್ನು ಊಟಕ್ಕೆ ಕೂತಾಗ ಬಾಯಿಬಿಟ್ಟು ಹೇಳಿ. ನಾಳೆ ಬೆಳಿಗ್ಗೆ ಎದುರು ಮನೆಯ ಕದ ತಟ್ಟಿ. ಅವರ ಮನೆಯಲ್ಲಿ ದುಡಿಯುವವರು ಯಾರು, ಔಷಧಿ ಯಾರಿಗೆ ಬೇಕು, ಅವರ ಕೈಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿ. ಎಷ್ಟು ವರ್ಷದಿಂದ ಎದುರುಬದುರಾಗಿದ್ದೀರಿ, ಗೊತ್ತಿದೆಯೇ ನಿಮಗೆ? ನಿಮಗೆ ಬರುವ ಕೆಲಸವನ್ನು ಓಣಿಯ ಒಂದು ಮಗುವಿಗೆ ಕಲಿಸಲು ಈ ವಾರವೇ ಶುರುಮಾಡಿ. ಕೂಡಿಟ್ಟದ್ದರಲ್ಲಿ ಒಂದು ಪಾಲನ್ನು ಇನ್ನೊಬ್ಬರ ಒಲೆ ಉರಿಯುವುದಕ್ಕೆ ತೆಗೆದಿಡಿ. ಇಷ್ಟು ಮಾಡಿದ ಮೇಲೆಯೂ ಹೋಗಬೇಕೆನಿಸಿದರೆ, ಹಾಡಹಗಲೇ, ಎಲ್ಲರ ಕಣ್ಣೆದುರಿಗೆ, ಕೈಬೀಸಿ ಹೋಗಿ. ಶರಣು.

ಏನಮ್ಮಾ, ಕಂಬದ ಪಕ್ಕದಲ್ಲಿ ನಿಂತವಳು? ಕಾಲೇಜಿನ ಹುಡುಗಿಯೇ? ಗಟ್ಟಿಯಾಗಿ ಕೇಳು, ಎಲ್ಲರಿಗೂ ಕೇಳಿಸಲಿ.

“ಅಜ್ಜಾರ, ನಮ್ಮಪ್ಪ ಇವತ್ತ ಬಂದಿಲ್ರಿ. ನಾಳೆ ಹ್ಯಾಂಗರ ಮಾಡಿ ಕರಕೊಂಡು ಬರ್ತೀನಿ. ಈ ಕಥಿ ಇನ್ನೊಂದು ಸಲ ಹೇಳ್ತೀರೇನ್ರೀ?”