ಜೋಗುಳದ ಎರಡನೇ ಚರಣ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಕಿರಿಯಾಕೆ ಶಿಶುವಿಹಾರದ ಟೀಚರು, ಹಿರಿಯಾಕೆ ಅಲ್ಲಿಂದಲೇ ನಿವೃತ್ತಳಾದವಳು.

“ಮಕ್ಕಳ ಹತ್ರ ಹಾಡಿಸಿದ್ನಲ್ಲ, ಆ ಜೋಗುಳ ನಾನು ಕಟ್ಟಿದ್ದಲ್ಲ ಅಕ್ಕಾ. ಎಲ್ಲರೂ ಹೊಗಳಿದ್ರು, ನಾನು ಸುಮ್ಮನಿದ್ಬಿಟ್ಟೆ.”

“ಮತ್ತೆ ಯಾರದು?”

“ನಮ್ಮ ಕ್ಲಾಸಿನ ಪುಟ್ಟಿ ಹಾಡ್ಕೋತಿದ್ಲು. ಕೇಳಿದ್ರೆ, ಕಿಟಕಿ ಹತ್ರ ಕೂರೋ ಅಜ್ಜಿ ಮಿಸ್ ಕಲಿಸಿದ್ರು ಅಂದ್ಲು.”

“ಎಲ್ಲಿ, ಗುನುಗು.”

ಕಿರಿಯಾಕೆ ಮೆಲ್ಲಗೆ ಗುನುಗಿದಳು. ಹಿರಿಯಾಕೆಯ ಮುಖ ಬಿಳಿಚಿಕೊಂಡಿತು.

“ಇದು ನಮ್ಮ ದೊಡ್ಡ ಟೀಚರ್‌ದು ಕಣೇ, ಆ ಕಿಟಕಿ ಹತ್ರಾನೇ ಕೂರ್ತಿದ್ರು. ಪುಟ್ಟಿ ಹುಟ್ಟೋಕೆ ಮುಂಚೇನೇ ತೀರ್ಕೊಂಡ್ರು.”

“ನಾಳೆ ಈ ಹಾಡಿಗೇ ನಂಗೆ ಬಹುಮಾನ ಕೊಡ್ತಾರೆ. ಏನ್ಮಾಡ್ಲಿ?”

“ವೇದಿಕೆ ಮೇಲೆ ಅವರ ಹೆಸರು ಹೇಳು. ಪಾಪ, ಒಂದೇ ಚರಣ ಕಟ್ಟಿದ್ರು. ಮುಗಿಸೋಕೆ ಆಗ್ಲಿಲ್ಲ.”

“ಪುಟ್ಟಿ ನಿನ್ನೆ ಎರಡನೇದೂ ಹಾಡಿದ್ಲಲ್ಲ ಅಕ್ಕಾ.”

ಬಸ್ಸು ಬಂತು. ಇಬ್ಬರೂ ಕೈ ಹಿಡಿದುಕೊಂಡೇ ಹತ್ತಿದರು.