ಮೂರನೇ ತುಕಡಿಯ ಜಾಗ

ಕ್ಲೆಮ್ ಆ ರಾತ್ರಿ ಹಳೇ ಬಾವಿಯ ಕಡೆಯಿಂದ ಒಬ್ಬನೇ ನಡೆದು ಬರುತ್ತಿದ್ದ. ಚಂದ್ರನಿರಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಟಾರ್ಚು... ಕ್ಲೆಮ್ ಅಂದರೆ ನನ್ನ ಚಿಕ್ಕಪ್ಪನ ಮಗ. ಸಾವಿರದ ಒಂಬೈನೂರ ನಲವತ್ತೆರಡು, ಲಿಬಿಯಾದ ಮರಳುಗಾಡು. ನಾನೂ ಅಲ್ಲೇ ಇದ್ದೆ, ನೂರು ಗಜ ದೂರದಲ್ಲಿ, ಗೊರಕೆ ಹೊಡೆಯುತ್ತಾ. ನಗಬೇಡಿ. ನಕ್ಕವರನ್ನು ಈ ಕತ್ತಲಲ್ಲಿ ಮನೆ ತನಕ ಬಿಟ್ಟುಬರೋಕೆ ನಾನಂತೂ ಬರೋದಿಲ್ಲ.

ನಮ್ಮದು ಕುದುರೆ ರೆಜಿಮೆಂಟು. ಯುದ್ಧ ಶುರುವಾದ ಮೇಲೆ ಕುದುರೆ ಕಿತ್ತುಕೊಂಡು ಟ್ಯಾಂಕು ಕೊಟ್ಟರು. ಸಂಜೆ ಟ್ಯಾಂಕು ಒರೆಸಿ ಎಣ್ಣೆ ಹಾಕುವುದಕ್ಕೆ ಆಮೇಲೂ 'ಲಾಯದ ಕೆಲಸ' ಎಂದೇ ಹೇಳುತ್ತಿದ್ದೆವು. ಅದರ ಹೊಟ್ಟೆ ತುಂಬಿಸದೆ ನಾವು ಬಿಸ್ಕತ್ತು ಮುಟ್ಟುತ್ತಿರಲಿಲ್ಲ. ಒಂದು ದಳಕ್ಕೆ ನಾಲ್ಕು ತುಕಡಿ, ಒಂದೊಂದು ತುಕಡಿಗೆ ಮೂರು ಟ್ಯಾಂಕು. ರಾತ್ರಿಯಾದರೆ ತುಕಡಿಗೊಂದು ಸಾಲು ಮಾಡಿ ಎಲ್ಲವನ್ನೂ ಒತ್ತೊತ್ತಾಗಿ ನಿಲ್ಲಿಸುವುದು. ಸಾಲಿನಲ್ಲಿ ಜಾಗ ಇದ್ದವನು ನಿದ್ದೆ ಮಾಡುತ್ತಾನೆ. ಇಲ್ಲದವನಿಗೆ ದೇವರೇ ಗತಿ.

ಕ್ಲೆಮ್‌ನ ಟ್ಯಾಂಕು ಎರಡು ದಿನದ ಹಿಂದೆ ಸುಟ್ಟುಹೋಗಿತ್ತು. ಸುಮ್ಮನೆ ಕೂರಿಸುವುದು ಬೇಡವೆಂದು ದಾರಿ ತೋರಿಸುವ ಕೆಲಸ ಕೊಟ್ಟಿದ್ದರು. ಬಾವಿಯ ಹತ್ತಿರ ನಿಂತು, ಬಂದ ಟ್ಯಾಂಕಿನ ಮುಂದೆ ನಡೆದು, ಅದರ ಜಾಗಕ್ಕೆ ತಂದು ನಿಲ್ಲಿಸಬೇಕು. ಅವನ ತಮ್ಮ ಹಾರ್ವಿ ಮೂರನೇ ತುಕಡಿಯಲ್ಲಿ ಚಾಲಕ. ಆ ಮಧ್ಯಾಹ್ನ ಮೂರನೇ ತುಕಡಿ ಹೊಗೆಯೊಳಗೆ ನುಗ್ಗಿತು... ಹೊರಗೆ ಬರಲಿಲ್ಲ. ಇಡೀ ದಳಕ್ಕೆ ಉಳಿದದ್ದು ಆರೇ ಟ್ಯಾಂಕು. ಮುಸ್ಸಂಜೆಗೆ ದಳದ ಮುಖ್ಯಸ್ಥ ಮೇಜರ್ ಹೇಳಿದರು: ಇನ್ನು ಎರಡೇ ತುಕಡಿ, ಮೂರನೆಯದೂ ನಾಲ್ಕನೆಯದೂ ಇಲ್ಲ, ಖಾಲಿ ಸಾಲು ಮುಚ್ಚಿ. ಮುಚ್ಚಿದವನು ಕ್ಲೆಮ್. ತಮ್ಮನ ಜಾಗದಲ್ಲಿ ತಾನೇ ಬೇರೆ ಟ್ಯಾಂಕು ತಂದು ನಿಲ್ಲಿಸಿದ. ಮೇಲಿನವರ ಮಾತು, ಪಾಪ, ಏನು ಮಾಡಿಯಾನು?

ಆಮೇಲೂ ಮನಸ್ಸು ತಡೆಯದೆ ಬಾವಿಯ ತನಕ ಹೋಗಿ ಕಾದಿದ್ದ. ಯಾರೂ ಬರಲಿಲ್ಲ ಎಂದು ವಾಪಸು ಬರುತ್ತಿದ್ದಾಗ, ಹಿಂದೆ...

ಕಿರ್‍ರ್... ಟಕ್. ಕಿರ್‍ರ್... ಟಕ್.

ಹಾರ್ವಿಯ ಟ್ಯಾಂಕಿನ ಎಡಗಡೆ ಚೈನು. ಅದರ ಒಂದು ಕೊಂಡಿ ಸೊಟ್ಟಗಾಗಿ ವಾರದಿಂದ ಹೀಗೇ ಸದ್ದು ಮಾಡುತ್ತಿತ್ತು. ಕ್ಲೆಮ್‌ಗೆ ಹೋದ ಜೀವ ಬಂದಂತಾಯಿತು.

"ಹಾರ್ವಿ?"

"ಹೂಂ ಕಣೋ. ಎಷ್ಟೊತ್ತಿಂದ ಹುಡುಕ್ತಿದೀವಿ... ಜಾಗ ತೋರ್ಸು."

"ಉಳಿದೋರು?"

"ಎಲ್ರೂ ಇದಾರೆ. ನಿದ್ದೆ ತಡೆಯೋಕಾಗ್ತಿಲ್ಲ. ನಡಿ ನೀನು."

ದಾರಿ ತೋರಿಸುವವನು ಹಿಂದೆ ತಿರುಗುವ ಹಾಗಿಲ್ಲ. ಟಾರ್ಚನ್ನು ಬೆನ್ನ ಹಿಂದೆ ಹಿಡಿದು ನಡೆಯಬೇಕು, ಚಾಲಕ ಆ ಮಂಕು ಬೆಳಕನ್ನೇ ನೋಡಿಕೊಂಡು ಬರುತ್ತಾನೆ. ಕ್ಲೆಮ್ ನಡೆದ. ಬೆನ್ನಿಗೇ ಸದ್ದು. ಇಷ್ಟು ಹತ್ತಿರ ಬಂದರೆ ಎಂಜಿನ್ನಿನ ಬಿಸಿ ತಾಗಬೇಕಲ್ಲ... ತಾಗಲಿಲ್ಲ.

ಬಿಡಾರದ ಅಂಚಿನಲ್ಲಿ ಸಾರ್ಜೆಂಟ್ ಮೇಜರ್ ಲಕ್ಸ್‌ಟನ್ ಎಚ್ಚರವಾಗಿದ್ದರು.

"ಸಾರ್... ಮೂರನೇ ತುಕಡೀದು ಒಂದು ಬಂದಿದೆ."

"ಎಲ್ಲಿ?"

"ಇಲ್ಲೇ ಸಾರ್. ಕೇಳಿಸ್ತಿಲ್ವಾ?"

ಲಕ್ಸ್‌ಟನ್ ಕಿವಿಗೊಟ್ಟರು. ಕತ್ತಲನ್ನು ದಿಟ್ಟಿಸಿದರು. "ನೀನು ಕಣ್ಣು ಮುಚ್ಚದೆ ಎರಡು ದಿನ ಆಯ್ತಲ್ಲೋ. ಹೋಗಿ ಮಲ್ಕೋ."

"ಒಂದೇ ಒಂದು ಜಾಗ ಬಿಡಿಸಿ ಸಾರ್. ಕೊನೇ ಟ್ಯಾಂಕನ್ನ ನಾಲ್ಕು ಗಜ ಹಿಂದಕ್ಕೆ ತೆಗೆದ್ರೆ ಸಾಕು."

"ಈಗ ಎಂಜಿನ್ ಶುರು ಮಾಡಿದ್ರೆ ಜರ್ಮನ್ನರ ಫಿರಂಗಿ ಎದ್ದು ಕೂರುತ್ತೆ. ಇಲ್ಲದ ತುಕಡಿಗೆ ಎಲ್ಲಿಂದ ತರ್ಲೋ ಜಾಗ?"

ಅವರದ್ದೂ ತಪ್ಪಲ್ಲ ಬಿಡಿ. ಕ್ಲೆಮ್ ಹಿಂದೆ ತಿರುಗಿದ. ಕಣ್ಣಿಗೆ ಏನೂ ಇಲ್ಲ. ಸದ್ದು ಮಾತ್ರ ಎದುರಿಗೇ, ಡುಗು ಡುಗು ಡುಗು...

"ಜಾಗ ಇಲ್ಲ, ಹಾರ್ವಿ."



"ನಮ್ದು ಇತ್ತಲ್ಲೋ."

"ಮುಚ್ಚಿಬಿಟ್ವಿ. ನಾನೇ..."

"ಹಾಗಾದ್ರೆ ಎಲ್ಲಿಗೆ ಹೋಗ್ಲಿ?"

ಕ್ಲೆಮ್ ಮರಳಲ್ಲಿ ಕುಸಿದು ಕೂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತ. ಬಿಡಾರದಲ್ಲಿ ಜೋರಾಗಿ ಅಳುವುದಕ್ಕೂ ಅಪ್ಪಣೆಯಿಲ್ಲ. ಕಿರ್‍ರ್... ಟಕ್. ಸದ್ದು ನಿಧಾನಕ್ಕೆ ಎಡಕ್ಕೆ ಸರಿಯಿತು.

ಹಾರ್ವಿಯ ಟ್ಯಾಂಕು ನಮಗೆ ಸಿಕ್ಕಿದ್ದು ಮಾರನೇ ದಿನ, ಪಶ್ಚಿಮಕ್ಕೆ ಏಳು ಮೈಲಿ ದೂರದಲ್ಲಿ. ಹಿಂದಿನ ಮಧ್ಯಾಹ್ನವೇ ಸುಟ್ಟದ್ದು, ಒಳಗೆ ಐವರೂ ಇದ್ದರು. ಚೈನು ಕಳಚಿ ಪಕ್ಕಕ್ಕೆ ಬಿದ್ದಿತ್ತು. ಯುದ್ಧದಲ್ಲಿ ಅದೆಲ್ಲ ಆಗುವಂಥದ್ದೇ. ಕ್ಲೆಮ್ ನಿದ್ದೆಗೆಟ್ಟು ಏನೋ ಕೇಳಿಸಿಕೊಂಡ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ಆದರೆ ಆ ಬೆಳಗಿನ ಜಾವ, ಹೊರಡಬೇಕೆಂದು ಎದ್ದಾಗ, ಮೊದಲ ಟ್ಯಾಂಕು ಹತ್ತು ಮೊಳ ಹೋಗಿ ನಿಂತುಬಿಟ್ಟಿತು. ಎಲ್ಲರೂ ಇಳಿದು ನೋಡಿದೆವು. ಬಿಡಾರದ ಸುತ್ತಲೂ ಮರಳ ಮೇಲೆ ಒಂದೇ ಟ್ಯಾಂಕಿನ ಚೈನಿನ ಗುರುತು. ಎಲ್ಲಿಂದ ಬಂತೆಂಬ ಗುರುತಿಲ್ಲ. ಎಲ್ಲಿಗೆ ಹೋಯಿತೆಂಬುದೂ ಇಲ್ಲ. ಬರೀ ಸುತ್ತಿದ್ದು. ಒಂಬತ್ತು ಸುತ್ತು. ನಾಲ್ಕೂ ದಿಕ್ಕಿಗೆ ಕಾವಲಿದ್ದವರು ಏನೂ ಕೇಳಿಸಲಿಲ್ಲ ಎಂದು ಆಣೆ ಮಾಡಿದರು. ಲಕ್ಸ್‌ಟನ್ ಎಣಿಸಿದರು, ನಾನೂ ಎಣಿಸಿದೆ, ಸುಳ್ಳು ಹೇಳಿ ನನಗೇನಾಗಬೇಕು? ಎರಡೂ ಸಾಲಿನ ಎದುರು ಅದು ನಿಂತು ನಿಂತು ಹೋಗಿತ್ತು. ನಿಂತ ಕಡೆಯೆಲ್ಲ ಎಣ್ಣೆ ತೊಟ್ಟಿಕ್ಕಿತ್ತು. ಈ ಬೆರಳಿಂದಲೇ ಮುಟ್ಟಿ ನೋಡಿದೆ... ಇನ್ನೂ ಹಸಿಯಾಗಿತ್ತು.